ಅರ್ಧ ಗಂಟೆಯ ಎಕ್ಸೆಲ್ ಪರೀಕ್ಷೆ: ನಮ್ಮ ಮಕ್ಕಳು ಎಲ್ಲಿ ಎಡವುತ್ತಿದ್ದಾರೆ?





ಈ ವರ್ಷ ವಿದ್ಯಾರ್ಥಿವೇತನದ ನವೀಕರಣಕ್ಕಾಗಿ ಕುಟುಂಬಗಳನ್ನು ಕರೆದು ಮಾತನಾಡಿಸುತ್ತಿದ್ದಾಗ ದೊಡ್ಡಬಳ್ಳಾಪುರದ ತಾಯಿಯೊಬ್ಬರು ನಮ್ಮ ಸಮಿತಿಯ ಮುಂದೆ ಬಂದು ಕುಳಿತರು. ಅವರ ಯಜಮಾನರು ಮಗ್ಗದ ಕೆಲಸದವರು. ಹಿರಿಯ ಮಗಳ ಬಿ.ಕಾಂ. ಶುಲ್ಕವನ್ನು ಮೂರು ವರ್ಷವೂ ನಮ್ಮ ಟ್ರಸ್ಟೇ ಭರಿಸಿತ್ತು. ಈಗ ಕಿರಿಯ ಮಗನ ಅರ್ಜಿ ಹಿಡಿದು ಬಂದಿದ್ದರು. ಮಾತಿನ ನಡುವೆ ಅವರು ಕೇಳಿದ್ದು ಇಷ್ಟು: "ಮೇಷ್ಟ್ರೇ, ಮಗಳು ಫಸ್ಟ್ ಕ್ಲಾಸಲ್ಲಿ ಪಾಸಾದಳು. ಕಂಪ್ಯೂಟರ್ ಕೋರ್ಸಿನ ಸರ್ಟಿಫಿಕೇಟೂ ಇದೆ. ಮೂರು ಕಡೆ ಇಂಟರ್‌ವ್ಯೂಗೆ ಹೋದಳು. ಮೂರು ಕಡೆಯೂ ಕಂಪ್ಯೂಟರ್ ಮುಂದೆ ಕೂರಿಸಿ ಅರ್ಧ ಗಂಟೆ ಏನೋ ಮಾಡಿಸಿ ವಾಪಸ್ ಕಳಿಸಿಬಿಟ್ಟರು. ಆ ಅರ್ಧ ಗಂಟೇಲಿ ಅವರು ಏನು ನೋಡ್ತಾರೆ? ನೀವಾದ್ರೂ ಹೇಳಿ."

ಆ ದಿನ ನಮ್ಮ ಬಳಿ ಸರಿಯಾದ ಉತ್ತರ ಇರಲಿಲ್ಲ. ಮೂರು ವರ್ಷ ಶುಲ್ಕ ಕಟ್ಟಿದ ನಾವು, ಆ ಓದು ಕೊನೆಗೆ ಯಾವ ಬಾಗಿಲಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿಯೇ ಇರಲಿಲ್ಲ. ಅನಂತರ ಇಂಥ ಪರೀಕ್ಷೆ ಬರೆದು ಬಂದ ಮಕ್ಕಳೊಡನೆಯೂ ಕಚೇರಿಗಳಲ್ಲಿ ಲೆಕ್ಕ ನೋಡುವ ನಮ್ಮವರೊಡನೆಯೂ ಕುಳಿತು ವಿಚಾರಿಸಿದೆವು. ತಿಳಿದದ್ದನ್ನು ಇಲ್ಲಿ ಬರೆದಿದ್ದೇವೆ. ಇದು ಆ ತಾಯಿಗೆ ಅಂದೇ ಕೊಡಬೇಕಾಗಿದ್ದ ಉತ್ತರ.

ಇದು ಎಂಥ ಕೆಲಸ?

ಪ್ರಕಟಣೆಗಳಲ್ಲಿ ಈ ಕೆಲಸಕ್ಕೆ ಹಲವು ಹೆಸರು: ಡೇಟಾ ಅನಲಿಸ್ಟ್, ಎಂಐಎಸ್ ಎಕ್ಸಿಕ್ಯುಟಿವ್, ಬ್ಯಾಕ್ ಆಫೀಸ್ ಅಸಿಸ್ಟೆಂಟ್. ಹೆಸರು ಏನೇ ಇರಲಿ, ಹೊಸಬರ ಕೆಲಸದ ತಿರುಳು ಒಂದೇ. ಬಂದ ಅಂಕಿ ಅಂಶಗಳನ್ನು ಒಂದೆಡೆ ಸೇರಿಸುವುದು, ಶುದ್ಧ ಮಾಡುವುದು, ಕೂಡಿ ಕಳೆದು ಮೇಲಿನವರಿಗೆ ಒಂದು ಪುಟದಲ್ಲಿ ತೋರಿಸುವುದು. ನೆಲಮಂಗಲ ಮತ್ತು ಹೊಸಕೋಟೆಯ ಗೋದಾಮುಗಳಲ್ಲಿ ಯಾವ ಮಾಲು ಎಷ್ಟು ಬಂತು, ಎಷ್ಟು ಹೋಯಿತು ಎಂಬ ಲೆಕ್ಕ. ದೊಡ್ಡಬಳ್ಳಾಪುರದ ಅಪೆರಲ್ ಪಾರ್ಕಿನಂಥ ಕಡೆ ಗಾರ್ಮೆಂಟ್ಸ್ ಘಟಕಗಳ ಹಾಜರಿ ಮತ್ತು ಉತ್ಪಾದನೆಯ ಲೆಕ್ಕ. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಸುತ್ತಮುತ್ತ ಬೆಳೆದ ಸರಕು ಸಾಗಣೆ ಕಚೇರಿಗಳಲ್ಲಿ ಕಳುಹಿಸಿದ ಪೆಟ್ಟಿಗೆಗಳ ಲೆಕ್ಕ. ಇವೆಲ್ಲ ನಮ್ಮ ಮಕ್ಕಳು ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬರಬಹುದಾದ ಕೆಲಸಗಳು. ಮಗಳನ್ನು ದೂರ ಕಳಿಸಲು ಹಿಂಜರಿಯುವ ಮನೆಗಳಿಗೆ ಇದು ಸಣ್ಣ ವಿಷಯವಲ್ಲ.

ಹಿಂದೆ ಗುಮಾಸ್ತೆಯ ಕೆಲಸಕ್ಕೆ ಬೆರಳಚ್ಚು ಜೂನಿಯರ್, ಸೀನಿಯರ್ ಪರೀಕ್ಷೆ ಪಾಸಾಗಬೇಕಿತ್ತು. ನಮ್ಮ ಕಾಲದ ಎಷ್ಟೋ ಹುಡುಗ ಹುಡುಗಿಯರು ಪಿಯುಸಿ ಮುಗಿಯುತ್ತಲೇ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿ ಬೆಳಗಿನ ಜಾವ ಟೈಪ್‌ರೈಟರ್ ಕುಟ್ಟುತ್ತಿದ್ದರು. ಇಂದು ಖಾಸಗಿ ಕಚೇರಿಗಳಲ್ಲಿ ಆ ಜಾಗವನ್ನು ಎಕ್ಸೆಲ್ ಹಾಳೆ ಹಿಡಿದಿದೆ. ಸರ್ಕಾರಿ ಕಚೇರಿಯೂ ಇದಕ್ಕೆ ಹೊರತಲ್ಲ. ಕರ್ನಾಟಕ ನಾಗರಿಕ ಸೇವಾ (ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ) ನಿಯಮಗಳು 2012ರಲ್ಲಿ ಬಂದ ಮೇಲೆ ರಾಜ್ಯದ ಹಲವು ವೃಂದಗಳ ನೌಕರರು ಕಂಪ್ಯೂಟರ್ ಪರೀಕ್ಷೆ ಪಾಸಾಗಲೇಬೇಕಾಗಿದೆ.

ಈ ಹಾಳೆಗೆ ಸಾಮಾನ್ಯ ಹೆಸರು ಸ್ಪ್ರೆಡ್‌ಶೀಟ್. ಚೌಕಳಿ ಹಾಕಿದ ಲೆಕ್ಕದ ಪುಸ್ತಕವೇ ಕಂಪ್ಯೂಟರಿನೊಳಗೆ ಹೋದಂತೆ. ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬ ಇಬ್ಬರು 1979ರಲ್ಲಿ ವಿಸಿಕ್ಯಾಲ್ಕ್ ಎಂಬ ಹೆಸರಿನಲ್ಲಿ ಇಂಥದ್ದೊಂದನ್ನು ಮಾರುಕಟ್ಟೆಗೆ ತಂದರು. ಮೈಕ್ರೋಸಾಫ್ಟಿನ ಎಕ್ಸೆಲ್ ಬಂದದ್ದು 1985ರಲ್ಲಿ. ಒಂದು ಅಂಕಿ ಬದಲಾಯಿಸಿದರೆ ಅದನ್ನು ಅವಲಂಬಿಸಿದ ಎಲ್ಲ ಮೊತ್ತಗಳೂ ತಾವಾಗಿ ಬದಲಾಗುತ್ತವೆ ಎಂಬುದೇ ಇದರ ಶಕ್ತಿ. ಅಪಾಯವೂ ಅಲ್ಲೇ ಇದೆ. ಒಂದು ಅಂಕಿ ತಪ್ಪಾದರೆ ಆ ತಪ್ಪೂ ಸದ್ದಿಲ್ಲದೆ ಎಲ್ಲ ಕಡೆ ಹರಡುತ್ತದೆ.

ಪರೀಕ್ಷೆ ಹೇಗಿರುತ್ತದೆ?

ಸಾಮಾನ್ಯವಾಗಿ ಮೂರು ಬಗೆ. ಮೊದಲನೆಯದು ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಆನ್‌ಲೈನ್ ಪರೀಕ್ಷೆ. ಎರಡನೆಯದು ಕಂಪ್ಯೂಟರಿನಲ್ಲಿ ಒಂದು ಹಾಳೆ ತೆರೆದುಕೊಟ್ಟು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಕೆಲವು ಪ್ರಶ್ನೆಗಳಿಗೆ ಉತ್ತರ ಕೇಳುವುದು. ಮೂರನೆಯದು ಹಾಳೆಯನ್ನು ಮನೆಗೆ ಕಳುಹಿಸಿ, ಮಾಡಿ ತಂದ ಮೇಲೆ ಎದುರು ಕೂರಿಸಿ "ಇದನ್ನು ಹೇಗೆ ಮಾಡಿದಿರಿ?" ಎಂದು ಕೇಳುವುದು. ನಮ್ಮ ಮಕ್ಕಳು ಹೆಚ್ಚಾಗಿ ಎಡವುವುದು ಎರಡನೆಯದರಲ್ಲಿ.

ಆ ಹಾಳೆಯಲ್ಲಿ ಕೊಡುವ ಅಂಕಿಗಳು ಪಾಠದ ಪುಸ್ತಕದಂತೆ ಅಚ್ಚುಕಟ್ಟಾಗಿರುವುದಿಲ್ಲ. ಬೇಕೆಂದೇ ಕೊಳೆ ಸೇರಿಸಿರುತ್ತಾರೆ, ಏಕೆಂದರೆ ಕಚೇರಿಗೆ ನಿಜವಾಗಿ ಬರುವ ಅಂಕಿಗಳೂ ಹಾಗೆಯೇ ಇರುತ್ತವೆ. ನಮ್ಮ ಓದುಗರಿಗೆಲ್ಲ ಪರಿಚಯವಿರುವ ರಶೀದಿ ಪಟ್ಟಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅಂಕಿಗಳು ಪಾಠಕ್ಕಾಗಿ ನಾವೇ ಮಾಡಿಕೊಂಡವು.

ರಶೀದಿ 101, ದೊಡ್ಡಬಳ್ಳಾಪುರ, ರೂ. 2,000
ರಶೀದಿ 102, ಹೊಸಕೋಟೆ, ರೂ. 1,500
ರಶೀದಿ 103, ನೆಲಮಂಗಲ, ರೂ. 3,000
ರಶೀದಿ 103, ನೆಲಮಂಗಲ, ರೂ. 3,000
ರಶೀದಿ 104, ದೊಡ್ಡಬಳ್ಳಾಪುರ, ರೂ. 1,000
ರಶೀದಿ 105, ದೇವನಹಳ್ಳಿ, ರೂ. 2,500

ಪ್ರಶ್ನೆ ಸರಳ: ಒಟ್ಟು ಎಷ್ಟು ಬಂತು? ದೊಡ್ಡಬಳ್ಳಾಪುರದಿಂದ ಎಷ್ಟು?

ಕೆಳಗೆ ಮೊತ್ತದ ಸೂತ್ರ ಹಾಕಿದರೆ ಕಂಪ್ಯೂಟರ್ 10,500 ಎನ್ನುತ್ತದೆ. ಕಲಿತ ಹುಡುಗ ಅದನ್ನೇ ಬರೆದು ಎದ್ದು ಬರುತ್ತಾನೆ. ಸರಿಯಾದ ಉತ್ತರ 10,000. ಏಕೆ? ರಶೀದಿ 103 ಎರಡು ಸಲ ಬಂದಿದೆ, ಆದ್ದರಿಂದ 3,000 ಹೆಚ್ಚಾಗಿದೆ. ಇನ್ನೊಂದು ಕಡೆ, ಕೊನೆಯ ಸಾಲಿನ 2,500 ನೋಡಲು ಅಂಕಿಯಂತಿದ್ದರೂ ಹಾಳೆಯಲ್ಲಿ ಅಕ್ಷರವಾಗಿ ಕುಳಿತಿದೆ ಎಂದಿಟ್ಟುಕೊಳ್ಳಿ. ಬೇರೆ ಕಡೆಯಿಂದ ನಕಲು ಮಾಡಿ ಅಂಟಿಸಿದಾಗ ಹೀಗಾಗುವುದು ಬಹಳ ಸಾಮಾನ್ಯ. ಅಕ್ಷರವನ್ನು ಮೊತ್ತದ ಸೂತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ 2,500 ಬಿಟ್ಟುಹೋಗಿದೆ. ಒಂದು ತಪ್ಪು ಮೂರು ಸಾವಿರ ಕೂಡಿಸಿತು, ಇನ್ನೊಂದು ಎರಡೂವರೆ ಸಾವಿರ ಕಳೆಯಿತು. ಎರಡು ತಪ್ಪುಗಳೂ ಒಂದನ್ನೊಂದು ಮುಚ್ಚಿಕೊಂಡು, ಮೊತ್ತ ನಂಬುವಂತೆಯೇ ಕಾಣುತ್ತದೆ.

ದೊಡ್ಡಬಳ್ಳಾಪುರದ ಪ್ರಶ್ನೆಗೂ ಇದೇ ಗತಿ. ಉತ್ತರ 3,000 ಆಗಬೇಕು. ಆದರೆ 104ನೆಯ ರಶೀದಿಯಲ್ಲಿ ಊರಿನ ಹೆಸರಿನ ಕೊನೆಗೆ ಯಾರೋ ಒಂದು ಖಾಲಿ ಜಾಗ ಬಿಟ್ಟಿದ್ದರೆ ಕಣ್ಣಿಗೆ ಅದು ಕಾಣುವುದಿಲ್ಲ, ಕಂಪ್ಯೂಟರಿಗೆ ಮಾತ್ರ ಅದು ಬೇರೆಯೇ ಊರು. ಉತ್ತರ 2,000 ಬರುತ್ತದೆ.

ಪರೀಕ್ಷೆ ಮಾಡುವವರು ನೋಡುವುದು ಇದನ್ನೇ. ಮೊತ್ತ ಹಾಕುವುದು ಬರುತ್ತದೆಯೇ ಎಂದಲ್ಲ. ಹಾಕುವ ಮೊದಲು ಪಟ್ಟಿಯನ್ನು ಮೇಲಿಂದ ಕೆಳಗೆ ಓದುತ್ತಾರೆಯೇ, ಬಂದ ಮೊತ್ತವನ್ನು ಅನುಮಾನಿಸುತ್ತಾರೆಯೇ, ತಪ್ಪು ಕಂಡರೆ ಮುಚ್ಚದೆ ಹೇಳುತ್ತಾರೆಯೇ ಎಂದು. ರಶೀದಿ 103 ನಿಜಕ್ಕೂ ಎರಡು ಸಲ ದಾಖಲಾದದ್ದೋ, ಅಥವಾ ಎರಡು ಬೇರೆ ದಾನಗಳಿಗೆ ತಪ್ಪಿ ಒಂದೇ ಸಂಖ್ಯೆ ಬಿದ್ದದ್ದೋ? ಹಾಳೆಯನ್ನು ಎಷ್ಟು ನೋಡಿದರೂ ಅದು ತಿಳಿಯದು, ರಶೀದಿ ಪುಸ್ತಕ ತೆಗೆದು ನೋಡಬೇಕು. ಸದ್ದಿಲ್ಲದೆ ಸಾಲು ಅಳಿಸಿದವರಿಗಿಂತ "103 ಎರಡು ಸಲ ಇದೆ, ಒಂದನ್ನು ಬಿಟ್ಟು ಲೆಕ್ಕ ಹಾಕಿದ್ದೇನೆ, ದಯವಿಟ್ಟು ಮೂಲ ನೋಡಿ" ಎಂದು ಪಕ್ಕದಲ್ಲಿ ಬರೆದವರಿಗೆ ಹೆಚ್ಚು ಬೆಲೆ.

ಕಲಿಯಬೇಕಾದದ್ದು ಎಷ್ಟು?

ಎಕ್ಸೆಲ್‌ನಲ್ಲಿ ನೂರಾರು ಸೂತ್ರಗಳಿವೆ. ಹೊಸಬರ ಪರೀಕ್ಷೆಗೆ ಬೇಕಾಗುವುದು ಬೆರಳೆಣಿಕೆಯಷ್ಟು.

ಒಂದು, ಶುದ್ಧೀಕರಣ. ಎರಡು ಸಲ ಬಂದ ಸಾಲುಗಳನ್ನು ಗುರುತಿಸುವುದು, ಹೆಚ್ಚಿನ ಖಾಲಿ ಜಾಗ ತೆಗೆಯುವ ಟ್ರಿಮ್, ಅಕ್ಷರವಾಗಿರುವ ಅಂಕಿಯನ್ನು ಅಂಕಿಯಾಗಿಸುವುದು. ಅಕ್ಷರವಾಗಿರುವ ಅಂಕಿ ಸಾಮಾನ್ಯವಾಗಿ ಚೌಕದ ಎಡಕ್ಕೆ ಅಂಟಿರುತ್ತದೆ, ಮೂಲೆಯಲ್ಲಿ ಸಣ್ಣ ಹಸಿರು ಗುರುತು ಇರುತ್ತದೆ. ಬ್ಯಾಂಕ್ ಖಾತೆ ಸಂಖ್ಯೆಯ ವಿಷಯ ಇದಕ್ಕೆ ತಿರುಗುಮುರುಗು: ಅದನ್ನು ಅಕ್ಷರವಾಗಿಯೇ ಇಡಬೇಕು. ಅಂಕಿಯಾಗಿ ಇಟ್ಟರೆ ಮುಂದಿನ ಸೊನ್ನೆಗಳು ಹಾರಿಹೋಗುತ್ತವೆ. 15 ಅಂಕಿಗಿಂತ ಉದ್ದವಿದ್ದರೆ ಕೊನೆಯ ಅಂಕಿಗಳು ಸೊನ್ನೆಯಾಗುತ್ತವೆ. ವಿದ್ಯಾರ್ಥಿವೇತನ ತಪ್ಪು ಖಾತೆಗೆ ಹೋಗಲು ಇಷ್ಟು ಸಾಕು.

ಎರಡು, ದಿನಾಂಕ. 03/04 ಎಂದರೆ ನಮಗೆ ಏಪ್ರಿಲ್ 3. ಅಮೆರಿಕದ ಕ್ರಮಕ್ಕೆ ಹೊಂದಿಸಿದ ಕಂಪ್ಯೂಟರಿಗೆ ಅದು ಮಾರ್ಚ್ 4. ತಿಂಗಳವಾರು ಲೆಕ್ಕ ಕೇಳಿದಾಗ ಎಷ್ಟೋ ಮಕ್ಕಳು ಇಲ್ಲೇ ದಾರಿ ತಪ್ಪುತ್ತಾರೆ.

ಮೂರು, ಷರತ್ತಿನ ಮೊತ್ತ ಮತ್ತು ಎಣಿಕೆ. ಒಂದು ಊರಿನದ್ದು ಮಾತ್ರ, ಒಂದು ತಿಂಗಳಿನದ್ದು ಮಾತ್ರ ಕೂಡಲು ಸಮ್‌ಇಫ್, ಎಣಿಸಲು ಕೌಂಟ್‌ಇಫ್.

ನಾಲ್ಕು, ಹುಡುಕಿ ತರುವುದು. ಹಾಜರಿ ಪುಸ್ತಕದ ಕ್ರಮಸಂಖ್ಯೆ ಹಿಡಿದು ಅಂಕಪಟ್ಟಿಯಿಂದ ಅಂಕ ತರುವ ಕೆಲಸವನ್ನು ಶಾಲೆಯಲ್ಲಿ ನಾವು ಬೆರಳಿಟ್ಟು ಮಾಡುತ್ತಿದ್ದೆವು. ವಿ-ಲುಕಪ್ ಅದನ್ನೇ ಮಾಡುತ್ತದೆ. ಇದರಲ್ಲಿ ಕೊನೆಯ ಜಾಗದಲ್ಲಿ "ನಿಖರವಾಗಿ ಹೊಂದಬೇಕು" ಎಂದು ಹೇಳದಿದ್ದರೆ ಅದು ಹತ್ತಿರದ ಇನ್ಯಾವುದನ್ನೋ ತಂದು ನಿಲ್ಲಿಸಬಹುದು. ಹೊಸ ಎಕ್ಸ್-ಲುಕಪ್‌ನಲ್ಲಿ ಈ ತೊಂದರೆ ಇಲ್ಲ, ಆದರೆ ಹಳೆಯ ಎಕ್ಸೆಲ್ ಇರುವ ಕಂಪ್ಯೂಟರುಗಳಲ್ಲಿ ಅದು ಇರುವುದಿಲ್ಲ. ಎರಡೂ ಗೊತ್ತಿರಲಿ.

ಐದು, ಪಿವಟ್ ಟೇಬಲ್. ಸಾವಿರಾರು ಸಾಲುಗಳನ್ನು ಊರುವಾರು, ತಿಂಗಳವಾರು ಒಂದು ಪುಟಕ್ಕೆ ಇಳಿಸುವ ಸಾಧನ. ಹೆಸರು ಕೇಳಿ ಹೆದರುವವರೇ ಹೆಚ್ಚು, ನಾಲ್ಕು ಸಲ ಮಾಡಿದರೆ ಕೈಗೆ ಬರುತ್ತದೆ.

ಇವಿಷ್ಟನ್ನೂ ದಿನಕ್ಕೆ ಒಂದು ಗಂಟೆಯಂತೆ ಕೆಲವು ತಿಂಗಳು ಕಂಪ್ಯೂಟರಿನ ಮುಂದೆ ಕೂತರೆ ಸಾಧಾರಣ ಬುದ್ಧಿಯ ಮಗು ಕಲಿಯಬಲ್ಲದು. "ಕಂಪ್ಯೂಟರಿನ ಮುಂದೆ ಕೂತರೆ" ಎಂಬ ಮಾತನ್ನು ಗಮನಿಸಿ. ಅದಕ್ಕೆ ಮುಂದೆ ಬರುತ್ತೇವೆ.

ದೊಡ್ಡವರೂ ಎಡವಿದ್ದಾರೆ

ಇಷ್ಟು ಸಣ್ಣ ವಿಷಯಕ್ಕೆ ಕೆಲಸವೇ ಕೊಡದೆ ಕಳಿಸುವುದೇ ಎಂದು ಕೆಲವರಿಗೆ ಅನಿಸಬಹುದು. ಎರಡು ನಿದರ್ಶನ ಕೊಡುತ್ತೇವೆ.

2020ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಕೋವಿಡ್ ತಗುಲಿದವರ ಪಟ್ಟಿಯಿಂದ 15,841 ಪ್ರಕರಣಗಳು ಬಿಟ್ಟುಹೋಗಿದ್ದವೆಂದು ಒಪ್ಪಿಕೊಳ್ಳಬೇಕಾಯಿತು. ಅಂಕಿಗಳನ್ನು ಹಳೆಯ ಮಾದರಿಯ ಎಕ್ಸೆಲ್ ಕಡತಕ್ಕೆ ತುಂಬುತ್ತಿದ್ದರು. ಆ ಮಾದರಿಯಲ್ಲಿ 65,536 ಸಾಲುಗಳಿಗಷ್ಟೇ ಜಾಗ. ಅದಕ್ಕಿಂತ ಹೆಚ್ಚಾದದ್ದು ಒಳಗೆ ಹೋಗಲೇ ಇಲ್ಲ. ಪರೀಕ್ಷೆ ಮಾಡಿಸಿಕೊಂಡವರಿಗೆ ಫಲಿತಾಂಶ ತಲುಪಿತ್ತು, ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ತಡವಾಯಿತು. ಕಳುಹಿಸಿದ ಸಾಲುಗಳೆಷ್ಟು, ತಲುಪಿದ ಸಾಲುಗಳೆಷ್ಟು ಎಂದು ಪ್ರತಿ ಸಲವೂ ತಾಳೆ ನೋಡುವ ಅಭ್ಯಾಸವಿದ್ದಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು.

ಇನ್ನೊಂದು ವಿದ್ಯಾರ್ಥಿಗಳು ವಿಶೇಷವಾಗಿ ಓದಬೇಕಾದದ್ದು. ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ದೇಶಗಳ ಸಾಲ ಮತ್ತು ಬೆಳವಣಿಗೆಯ ಬಗ್ಗೆ ಒಂದು ಪ್ರಬಂಧ ಬರೆದರು. ಅದನ್ನು ದೊಡ್ಡ ದೊಡ್ಡ ರಾಜಕಾರಣಿಗಳು ಆಧಾರವಾಗಿ ಹೇಳುತ್ತಿದ್ದರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ತರಗತಿಯ ಅಭ್ಯಾಸಕ್ಕಾಗಿ ಅದೇ ಲೆಕ್ಕವನ್ನು ಮತ್ತೆ ಮಾಡಿ ನೋಡಿದ. ಉತ್ತರ ಹೊಂದಲಿಲ್ಲ. ತನ್ನದೇ ತಪ್ಪಿರಬೇಕೆಂದು ಮತ್ತೆ ಮತ್ತೆ ನೋಡಿ, ಕೊನೆಗೆ ಮೂಲ ಹಾಳೆಯನ್ನು ಲೇಖಕರಿಂದಲೇ ಕೇಳಿ ಪಡೆದ. ಸರಾಸರಿಯ ಸೂತ್ರದಲ್ಲಿ ಇಪ್ಪತ್ತು ದೇಶಗಳ ಬದಲು ಹದಿನೈದೇ ಸೇರಿದ್ದವು, ಐದು ದೇಶಗಳ ಸಾಲುಗಳು ಬಿಟ್ಟುಹೋಗಿದ್ದವು. 2013ರಲ್ಲಿ ಅವನೂ ಅವನ ಅಧ್ಯಾಪಕರೂ ಇದನ್ನು, ಬೇರೆ ಕೆಲವು ಲೋಪಗಳ ಜೊತೆಗೆ, ಪ್ರಕಟಿಸಿದರು. ಸೂತ್ರದ ತಪ್ಪನ್ನು ಪ್ರೊಫೆಸರುಗಳು ಒಪ್ಪಿಕೊಂಡರು.

ಹೆಸರು ದೊಡ್ಡದಾದ ಮಾತ್ರಕ್ಕೆ ಮೊತ್ತ ಸರಿಯಾಗಬೇಕಿಲ್ಲ. ತಾಳೆ ನೋಡುವ ಹಕ್ಕು ಸಣ್ಣ ವಿದ್ಯಾರ್ಥಿಗೂ ಇದೆ. ಅರ್ಧ ಗಂಟೆಯ ಪರೀಕ್ಷೆ ಹುಡುಕುವುದು ಈ ಗುಣವನ್ನು.

ಪರೀಕ್ಷೆಯೂ ನ್ಯಾಯವಾಗಿರಬೇಕು

ಎಲ್ಲ ಪರೀಕ್ಷೆಗಳೂ ಒಳ್ಳೆಯವೆಂದು ನಾವು ಹೇಳುವುದಿಲ್ಲ. ಯಾವ ಕೀಲಿ ಒತ್ತಿದರೆ ಏನಾಗುತ್ತದೆ ಎಂದು ಬಾಯಿಪಾಠ ಕೇಳುವ ಪರೀಕ್ಷೆಯಿಂದ ಕೆಲಸಗಾರನ ಗುಣ ತಿಳಿಯುವುದಿಲ್ಲ. ಕೆಲಸದಲ್ಲಿ ಎದುರಾಗುವಂಥ ಹಾಳೆಯನ್ನೇ ಕೊಟ್ಟು, ಸೂತ್ರ ಮರೆತರೆ ಹುಡುಕಿಕೊಳ್ಳಲು ಬಿಟ್ಟು, ಕೊನೆಗೆ ಹೇಗೆ ಮಾಡಿದಿರಿ ಎಂದು ವಿವರಿಸಲು ಹೇಳುವುದೇ ಒಳ್ಳೆಯ ಪರೀಕ್ಷೆ. ಸೂತ್ರವನ್ನು ಈಗ ಎಐ ಕೂಡ ಬರೆದುಕೊಡುತ್ತದೆ. ಅದು ಬರೆದದ್ದು ಸರಿಯೇ ಎಂದು ಹೇಳಬಲ್ಲವರು ಬೇಕು. ನಮ್ಮ ದಾನಿಗಳಲ್ಲಿ ಕಾರ್ಖಾನೆ, ಗೋದಾಮು ನಡೆಸುವವರಿದ್ದೀರಿ. ನಿಮ್ಮಲ್ಲಿ ಹೊಸಬರನ್ನು ತೆಗೆದುಕೊಳ್ಳುವಾಗ ಇದನ್ನು ನೆನಪಿಡಿ. ಕನ್ನಡ ಮಾಧ್ಯಮದಿಂದ ಬಂದ ಮಗುವಿಗೆ ಪ್ರಶ್ನೆಯನ್ನು ಒಮ್ಮೆ ಕನ್ನಡದಲ್ಲಿ ವಿವರಿಸಿ. ಅಂಕಿಗೆ ಭಾಷೆ ಅಡ್ಡಿಯಲ್ಲ.

ಪೋಷಕರಿಗೆ ಎರಡು ಎಚ್ಚರಿಕೆ. ಪರೀಕ್ಷೆಗೋ ಕೆಲಸದ ಖಾತ್ರಿಗೋ ಮುಂಗಡ ಹಣ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಪರೀಕ್ಷೆಯ ಹೆಸರಿನಲ್ಲಿ ದಿನಗಟ್ಟಲೆ ತಮ್ಮ ಕಚೇರಿಯ ಕೆಲಸವನ್ನೇ ಪುಕ್ಕಟೆ ಮಾಡಿಸಿಕೊಳ್ಳುವವರಿದ್ದರೆ ಅಲ್ಲಿಂದ ಎದ್ದು ಬನ್ನಿ.

ನಮ್ಮ ತಪ್ಪು

ಈಗ ನಮ್ಮ ಲೆಕ್ಕವನ್ನೂ ತೆರೆದಿಡಬೇಕು. ಕೆಲವು ವರ್ಷಗಳಿಂದ ನಾವು ಪದವಿ ವಿದ್ಯಾರ್ಥಿಗಳಿಗೆ ಖಾಸಗಿ ಕೇಂದ್ರಗಳ ಕಂಪ್ಯೂಟರ್ ಕೋರ್ಸಿನ ಶುಲ್ಕ ಕೊಡುತ್ತಿದ್ದೆವು. ಕೋರ್ಸು ಮುಗಿದ ಮೇಲೆ ಸರ್ಟಿಫಿಕೇಟಿನ ನಕಲು ತಂದರೆ ಕಡತಕ್ಕೆ ಸೇರಿಸಿ, ವರದಿಯಲ್ಲಿ ಒಂದು ಸಂಖ್ಯೆಯಾಗಿ ಬರೆಯುತ್ತಿದ್ದೆವು. ಅಷ್ಟಕ್ಕೆ ನಮ್ಮ ಕೆಲಸ ಮುಗಿಯಿತೆಂದುಕೊಂಡಿದ್ದೆವು.

ಆ ತಾಯಿ ಬಂದು ಹೋದ ವಾರ ಅವರ ಮಗಳನ್ನು ಕರೆಸಿದೆವು. ಆಕೆ ತನ್ನ ನೋಟ್ ಪುಸ್ತಕ ತಂದಿದ್ದಳು. ದುಂಡಗಿನ ಅಕ್ಷರ. ವಿ-ಲುಕಪ್ ಎಂದರೇನು, ಪಿವಟ್ ಟೇಬಲ್ ಎಂದರೇನು, ಎಲ್ಲದಕ್ಕೂ ಕೆಂಪು ಗೆರೆ ಎಳೆದ ವ್ಯಾಖ್ಯೆ ಇತ್ತು. "ಕಂಪ್ಯೂಟರಿನಲ್ಲಿ ಎಷ್ಟು ಸಲ ಮಾಡಿದ್ದೀಯಮ್ಮಾ?" ಎಂದು ಕೇಳಿದೆವು. ತಲೆ ತಗ್ಗಿಸಿದಳು. ಒಂದು ಕಂಪ್ಯೂಟರಿಗೆ ನಾಲ್ಕೈದು ಮಂದಿ; ಒಬ್ಬರು ಮೌಸ್ ಹಿಡಿದರೆ ಉಳಿದವರು ನೋಡುವುದು. ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಮೊದಲ ಪರೀಕ್ಷೆಯ ದಿನ ಹಾಳೆ ತೆರೆದಾಗ ಕೈ ನಡುಗಿತು ಎಂದಳು.

ಈಜುವುದನ್ನು ನೋಟ್ಸ್ ಬರೆಸಿ ಕಲಿಸಲಾಗದು. ಬುದ್ಧಿ ಆ ಮಗುವಿಗೆ ಕಡಿಮೆ ಇರಲಿಲ್ಲ, ಕೈಗೆ ಯಂತ್ರ ಸಿಕ್ಕಿರಲಿಲ್ಲ. ದಾನಿಗಳ ಹಣದಿಂದ ನಾವು ಕೊಂಡದ್ದು ಕಾಗದವನ್ನು, ಅಭ್ಯಾಸವನ್ನಲ್ಲ. ಇದನ್ನು ಒಪ್ಪಿಕೊಳ್ಳದೆ ಈ ವರದಿ ಪೂರ್ತಿಯಾಗದು.

ಆಕೆ ಈಗ ನಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ಸಂಜೆ ಅಭ್ಯಾಸ ಮಾಡುತ್ತಿದ್ದಾಳೆ. ನಾಲ್ಕನೆಯ ಕಡೆ ಅನಲಿಸ್ಟ್ ಕೆಲಸ ಸಿಗಲಿಲ್ಲ, ಆದರೆ ಅದೇ ಗೋದಾಮಿನಲ್ಲಿ ಮಾಲು ನಮೂದಿಸುವ ಕೆಲಸಕ್ಕೆ ತೆಗೆದುಕೊಂಡಿದ್ದಾರೆ. ಆರು ತಿಂಗಳ ನಂತರ ಮತ್ತೆ ಪರೀಕ್ಷೆಗೆ ಕೂರಬಹುದೆಂದು ಹೇಳಿದ್ದಾರಂತೆ.

ಈ ವರ್ಷದಿಂದ ಬದಲಾವಣೆ

ವಿದ್ಯಾರ್ಥಿಗಳು ಮತ್ತು ಪೋಷಕರ ಗಮನಕ್ಕೆ:

1. ಕಂಪ್ಯೂಟರ್ ಕೋರ್ಸಿನ ಶುಲ್ಕವನ್ನು ಎರಡು ಕಂತಿನಲ್ಲಿ ಕೊಡಲಾಗುವುದು. ಎರಡನೆಯ ಕಂತಿಗೆ ಸರ್ಟಿಫಿಕೇಟ್ ಸಾಲದು. ನಮ್ಮ ಕಚೇರಿಯಲ್ಲಿ ಕುಳಿತು ಮೇಲೆ ಹೇಳಿದಂಥ ಒಂದು ಹಾಳೆಯನ್ನು ಮಾಡಿ ತೋರಿಸಬೇಕು. ತಪ್ಪಾದರೆ ಹಣ ನಿಲ್ಲಿಸುವುದಿಲ್ಲ, ಮತ್ತೆ ಕೂರಿಸಿ ಕಲಿಸುತ್ತೇವೆ.

2. ಕೋರ್ಸಿಗೆ ಸೇರುವ ಮೊದಲು ಕೇಂದ್ರದವರನ್ನು ಒಂದೇ ಪ್ರಶ್ನೆ ಕೇಳಿ: ನನ್ನ ಮಗುವಿಗೆ ವಾರಕ್ಕೆ ಎಷ್ಟು ಗಂಟೆ ಒಂಟಿಯಾಗಿ ಕಂಪ್ಯೂಟರ್ ಸಿಗುತ್ತದೆ?

3. ಅಂತಿಮ ವರ್ಷದ ಪದವಿ ವಿದ್ಯಾರ್ಥಿಗಳು ಮೂರು ತಿಂಗಳ ಮನೆಯ ಲೆಕ್ಕವನ್ನು ಹಾಳೆಯಲ್ಲಿ ಬರೆದು ಅರ್ಜಿಯ ಜೊತೆ ತರಬೇಕು. ಮನೆಯ ಗುಟ್ಟು ಬೇಡ, ನಿಜವಾದ ಅಂಕಿಗಳನ್ನು ಬದಲಾಯಿಸಿ ಬರೆದರೂ ಸರಿ. ಮಗ್ಗದ ಮನೆಯವರು ವಾರದ ಕೂಲಿ, ಮುಂಗಡದ ಕಡಿತ ಬರೆಯಲಿ. ವಿಜಯಪುರದ ರೇಷ್ಮೆ ಬಿಚ್ಚುವ ಮನೆಗಳಲ್ಲಿ ಎಷ್ಟು ಕಿಲೋ ಗೂಡಿಗೆ ಒಂದು ಕಿಲೋ ನೂಲು ಬಂತೆಂಬ ಲೆಕ್ಕವನ್ನು ಹಿರಿಯರು ಬಾಯಲ್ಲೇ ಹೇಳುತ್ತಾರೆ. ಅದನ್ನೇ ಲಾಟುವಾರು ಹಾಳೆಗೆ ಇಳಿಸಿ. ಕಂಪನಿಯವರು ಅನಾಲಿಸಿಸ್ ಎನ್ನುವುದು ಇದಕ್ಕೇ. ಅಬ್ಬಾ ದಿನಾ ಮಾಡುವ ಲೆಕ್ಕ ಅದು ಎಂದು ಮಗುವಿಗೆ ತಿಳಿಯಲಿ.

4. ಎಕ್ಸೆಲ್ ಕೊಳ್ಳಬೇಕಿಲ್ಲ. ಲಿಬ್ರೆಆಫೀಸ್ ಕ್ಯಾಲ್ಕ್ ಮತ್ತು ಗೂಗಲ್ ಶೀಟ್ಸ್ ಪುಕ್ಕಟೆ ಸಿಗುತ್ತವೆ, ಮೂಲ ಕೆಲಸಗಳೆಲ್ಲ ಅವುಗಳಲ್ಲೂ ಒಂದೇ. ಮೊಬೈಲಿನಲ್ಲಿ ಶುರು ಮಾಡಬಹುದು, ಆದರೆ ಪರೀಕ್ಷೆಗೆ ಮೊದಲು ಕೀಬೋರ್ಡ್ ಮತ್ತು ಮೌಸ್ ಹಿಡಿದ ಕೈ ಬೇಕು.

5. ಹೆಣ್ಣುಮಕ್ಕಳ ತಂದೆತಾಯಿಯರಲ್ಲಿ ವಿನಂತಿ: ಸಂಜೆ ಒಂದು ಗಂಟೆ ಮನೆಗೆಲಸದಿಂದ ಬಿಡುವು ಕೊಡಿ. ನಾವು ಕೊಡುವ ಹಣಕ್ಕಿಂತ ನೀವು ಕೊಡುವ ಆ ಗಂಟೆ ದೊಡ್ಡದು.

ದಾನಿಗಳ ಗಮನಕ್ಕೆ: ಕಚೇರಿಯಲ್ಲಿ ಅಭ್ಯಾಸದ ಕೊಠಡಿಯೊಂದನ್ನು ಮಾಡಲು ಸಮಿತಿ ತೀರ್ಮಾನಿಸಿದೆ. ಹನಫಿ ಫಿಕ್ಹ್‌ನ ಪ್ರಕಾರ ಝಕಾತ್ ಹಣ ಅರ್ಹರ ಕೈಗೆ ಅವರದೇ ಸ್ವತ್ತಾಗಿ ಸೇರಬೇಕು. ಆದ್ದರಿಂದ ಎಲ್ಲರೂ ಬಳಸುವ ಕೊಠಡಿಗೂ ಕಂಪ್ಯೂಟರುಗಳಿಗೂ ಝಕಾತ್ ಹಣವನ್ನು ಮುಟ್ಟುವುದಿಲ್ಲ. ಇದಕ್ಕೆ ಸದಕಾ ಮತ್ತು ಸಾಮಾನ್ಯ ದೇಣಿಗೆಯನ್ನಷ್ಟೇ ಬಳಸಿ, ಬೇರೆ ಖಾತೆಯಲ್ಲಿ ಲೆಕ್ಕ ಇಡುತ್ತೇವೆ. ನಿಮ್ಮ ಕಚೇರಿಯಲ್ಲಿ ಬದಲಾಯಿಸಿದ, ಇನ್ನೂ ನಡೆಯುವ ಕಂಪ್ಯೂಟರುಗಳಿದ್ದರೆ ಕೊಡಿ. ಲೆಕ್ಕ ಬಲ್ಲವರು ವಾರಕ್ಕೆ ಒಂದು ಸಂಜೆ ಬಂದು ಮಕ್ಕಳ ಪಕ್ಕ ಕೂತರೆ ಅದೂ ಸದಕಾವೇ.

ಪವಿತ್ರ ಕುರ್‌ಆನಿನ ಅತಿ ಉದ್ದದ ಆಯತ್ ಸೂರಃ ಅಲ್ ಬಖರಾದ 282ನೆಯದು. ಅದರ ವಿಷಯ ಸಾಲದ ವ್ಯವಹಾರವನ್ನು ಬರೆದಿಡುವುದು, ಬರೆಯುವವನು ನ್ಯಾಯವಾಗಿ ಬರೆಯುವುದು, ಮೊತ್ತ ಸಣ್ಣದೆಂದು ಬರೆಯಲು ಬೇಸರಪಡದಿರುವುದು. ಇನ್ನೊಬ್ಬರ ಲೆಕ್ಕವನ್ನು ಸರಿಯಾಗಿ ಇಡುವ ಕೆಲಸಕ್ಕೆ ನಮ್ಮ ದೀನ್‌ನಲ್ಲಿ ಎಷ್ಟು ಗೌರವವಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆ ಕೆಲಸಕ್ಕೆ ನಮ್ಮ ಮಕ್ಕಳು ಯೋಗ್ಯರಾಗಲಿ, ಅವರ ಕೈ ನಡುಗದಿರಲಿ. ಆಮೀನ್.

ಅರ್ಜಿ ನಮೂನೆ ಟ್ರಸ್ಟಿನ ಕಚೇರಿಯಲ್ಲಿ ಸಿಗುತ್ತದೆ. ಶುಲ್ಕವಿಲ್ಲ.